ಎರಡು ಹಳೇ ಫೋನು, ಒಬ್ಬ ತೂಕದಪ್ಪ

ನಮ್ಮ ಯಜಮಾನರಿಗೆ ಕೆಲಸದ ಜಾಗದಲ್ಲಿ ತೂಕದಪ್ಪ ಅಂತ ಹೆಸರು. ಎದುರಿಗೆ ಸಾರ್, ಬೆನ್ನ ಹಿಂದೆ ತೂಕದಪ್ಪ. ಈ ಹೆಸರಿಟ್ಟ ಲಾರಿ ಡ್ರೈವರ್ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಮನೆಗೆ ಕರೆದು ಕೂರಿಸಿ ಕಾಫಿ ಕೊಡುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಅವರು ಸಿಮೆಂಟು ಗೋದಾಮಿನ ಗೇಟಿನ ಪಕ್ಕ, ಒಂದು ಮಂಚ ಹಿಡಿಸುವಷ್ಟು ಕೋಣೆಯಲ್ಲಿ ಕೂತು ಲಾರಿ ತೂಗುತ್ತಿದ್ದಾರೆ. ಕಿಟಕಿಯಾಚೆ ನೆಲದಲ್ಲಿ ಕಬ್ಬಿಣದ ದೊಡ್ಡ ಹಲಗೆ. ತುಂಬಿದ ಲಾರಿ ಅದರ ಮೇಲೆ ಬಂದು ನಿಂತರೆ ಒಟ್ಟು ತೂಕ, ಮಾಲು ಇಳಿಸಿ ಬಂದು ನಿಂತರೆ ಖಾಲಿ ತೂಕ, ಒಂದರಲ್ಲಿ ಒಂದು ಕಳೆದರೆ ಮಾಲಿನ ತೂಕ. ಇಷ್ಟೇ ವಿದ್ಯೆ. ಇದರ ಮೇಲೆ ಅವರದೇ ಒಂದು ಕಟ್ಟುನಿಟ್ಟಿನ ನಿಯಮ ಇದೆ: ತೂಗುವಾಗ ಡ್ರೈವರ್ ಲಾರಿಯಲ್ಲಿ ಕೂರುವ ಹಾಗಿಲ್ಲ, ಇಳಿದು ದೂರ ನಿಲ್ಲಬೇಕು. ಅವನ ಮೈತೂಕ ಮಾಲಿಗೆ ಸೇರಿಬಿಟ್ಟರೆ ಪ್ರಪಂಚ ಮುಳುಗಿಹೋಗುತ್ತದಲ್ಲ. 'ಡ್ರೈವರ್ ಇಳಿದ ಮೇಲೇ ತೂಕ' ಅಂತ ಕಿಟಕಿಯ ಮೇಲೆ ಕೆಂಪು ಬಣ್ಣದಲ್ಲಿ ತಾವೇ ಬರೆದುಕೊಂಡಿದ್ದಾರೆ. ಅಲ್ಲಿ ಅದು ಸರಿಯೇ ಇರಬಹುದು. ಆದರೆ ಈ ಮನುಷ್ಯ ಆ ನಿಯಮವನ್ನು ಬುತ್ತಿ ಡಬ್ಬಿಯ ಜೊತೆ ದಿನಾ ಮನೆಗೂ ತರುತ್ತಾರೆ.

ಮದುವೆ ಮಾತಿಗೆ ನಮ್ಮ ಮನೆಗೆ ಎರಡು ಸಲ ಬಂದಿದ್ದರು. ಒಂದು ಸಲ ಅವರಮ್ಮನ ಜೊತೆ, ಇನ್ನೊಂದು ಸಲ ಒಬ್ಬರೇ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ, ಪೆದ್ದಿ. ಒಂದು ಒಟ್ಟು ತೂಕ, ಒಂದು ಖಾಲಿ ತೂಕ ಅಂತ ಆಮೇಲೆ ಗೊತ್ತಾಯಿತು. ಮನೆಗೆ ಒಂದು ಫ್ಯಾನು ಬೇಕು ಅಂದಾಗ ಎರಡು ಕಂಪನಿಯ ಫ್ಯಾನುಗಳ ನಡುವೆ ಮೀನಮೇಷ ಎಣಿಸುತ್ತಾ ಬೇಸಿಗೆಯಿಡೀ ಕಳೆದರು. ಅವರು ಫ್ಯಾನು ಹೊತ್ತುಕೊಂಡು ಬಾಗಿಲಲ್ಲಿ ನಿಂತ ದಿನ ನಾನು ಸ್ವೆಟರ್ ಹಾಕಿಕೊಂಡು ಬಾಗಿಲು ತೆಗೆದೆ. "ಒಳ್ಳೇ ಫ್ಯಾನು ಕಣೆ, ನಿಧಾನವಾದ್ರೂ ಒಳ್ಳೇದು ಸಿಕ್ತು" ಅಂದರು. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ನನಗೆ ಉತ್ತರ ಕೊಡಲಾಗಲಿಲ್ಲ.

ಸಾಮಾನ್ಯವಾಗಿ ನಾನು ಉತ್ತರ ಕೊಡದೆ ಬಿಡುವವಳಲ್ಲ. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತು ದಿನಕ್ಕೆ ಮುನ್ನೂರು ಸಲ ನಂಬರು ಕೂಗುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೂ ಆ ಗಂಟಲು ಹಾಗೇ ಓಡುತ್ತಿರುತ್ತದೆ. ನಮ್ಮ ಮನೆಯಲ್ಲಿ ಅದರಿಂದ ತೊಂದರೆ ಇಲ್ಲದವಳು ಒಬ್ಬಳೇ, ನನ್ನ ತಂಗಿ. ಹುಟ್ಟು ಕಿವುಡಿ.

ತಂಗಿಗೆ ಇಪ್ಪತ್ತೊಂಬತ್ತು ವರ್ಷ. ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಅಲ್ಲಿ ಕತ್ತರಿಸಿ ಬಿಸಾಡಿದ ಅಂಚಿನ ಕಾಗದಗಳನ್ನು ಕಟ್ಟು ಮಾಡಿ ಜೇಬಿನಲ್ಲಿಟ್ಟುಕೊಂಡಿರುತ್ತಾಳೆ. ನಮಗೆ ಏನು ಹೇಳುವುದಿದ್ದರೂ ಆ ಚೀಟಿಗಳ ಮೇಲೆ ಬರೆದು ಕೊಡುತ್ತಾಳೆ. ಅವಳ ನಿಜವಾದ ಭಾಷೆ ಕೈಮಾತು, ಕಿವುಡರ ಶಾಲೆಯ ಹಾಸ್ಟೆಲಿನಲ್ಲಿ ಕಲಿತದ್ದು. ಅದರಲ್ಲಿ ನನಗೆ ಬರುತ್ತಿದ್ದದ್ದು ಏಳು ಮಾತು: ಬಾ, ಉಣ್ಣು, ಮಲಗು, ಸಾಕು, ಬೇಡ, ಬಾಗಿಲು ಹಾಕು, ಮತ್ತೆ ಅಂಗೈ ಎತ್ತಿ ತೋರಿಸುವ 'ತಾಳು'. ಇಷ್ಟರಲ್ಲೇ ಮನೆ ನಡೆದುಹೋಗುತ್ತಿತ್ತು.

ಪ್ರೆಸ್ಸಿಗೆ ಹೊಲಿಗೆ ಯಂತ್ರ ಬಂತು. ತಿಂಗಳ ಕೊನೆಗೆ ಕೈಹೊಲಿಗೆಯವರೆಲ್ಲ ಮನೆಗೆ ಅಂತ ಪ್ರೆಸ್ಸಿನ ಮಾಲೀಕ ಹೇಳಿಬಿಟ್ಟ. ಅದೇ ವಾರ ತಂಗಿಯ ಶಾಲೆಯ ಗೆಳತಿ ಒಂದು ಸುದ್ದಿ ಕಳಿಸಿದಳು. ಅವಳಿರುವ ಊರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ ಇದೆ. ಆ ಯಂತ್ರಗಳ ಕಿರುಚಾಟಕ್ಕೆ ಕಿವಿ ಇದ್ದವರು ಹತ್ತಿ ತುರುಕಿಕೊಂಡು ಒದ್ದಾಡುತ್ತಾರೆ, ಕಿವುಡರು ಹಾಯಾಗಿ ಕೆಲಸ ಮಾಡುತ್ತಾರೆ. ಅಲ್ಲಿಯ ಮೇಲ್ವಿಚಾರಕಿಯೂ ಕಿವುಡಿಯೇ. ಒಂದು ಜಾಗ ಖಾಲಿ ಇದೆ. ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕರೆಯಲ್ಲಿ, ಕೈಮಾತಿನಲ್ಲೇ ಸಂದರ್ಶನ. ತಪ್ಪಿದರೆ ಜಾಗ ಇನ್ನೊಬ್ಬರಿಗೆ.

ತಂಗಿ ಆ ಸಂತೋಷದಲ್ಲಿ ಕೆಲಸದ ಮಧ್ಯೆ ಗೆಳತಿಗೆ ಉತ್ತರ ಬರೆಯಲು ಹೋಗಿ ಫೋನನ್ನು ಕುದಿಯುವ ಅಂಟಿನ ಡಬ್ಬಿಗೆ ಬೀಳಿಸಿದಳು. ಹೊರಗೆ ತೆಗೆದಾಗ ಅದು ಬೆಲ್ಲದ ಅಚ್ಚಿನ ಹಾಗಿತ್ತು. ನನ್ನದೂ ಇವರದೂ ಬಟನ್ ಫೋನು. 'ನಮಗೆ ಇಷ್ಟು ಸಾಕು' ಅಂತ ತೂಕದಪ್ಪನವರ ತೀರ್ಪು ಯಾವತ್ತೋ ಬಂದಾಗಿತ್ತು. ಹಾಗಾಗಿ ಹದಿಮೂರು ದಿನದಲ್ಲಿ ತಂಗಿಗೆ ಒಂದು ಫೋನು ಬೇಕು.

"ನಾನು ಕೊಡಿಸ್ತೀನಿ ಪುಟ್ಟಿ" ಅಂದರು ಇವರು, ಎದೆಯ ಮೇಲೆ ಕೈಯಿಟ್ಟುಕೊಂಡು. "ಹೊಸದು ದುಬಾರಿ. ಹಳೇದರಲ್ಲೇ ಒಳ್ಳೇದು ನೋಡಿ ತರ್ತೀನಿ. ನೀನು ತಲೆ ಕೆಡಿಸ್ಕೋಬೇಡ."

ತಂಗಿ ಅವರ ತುಟಿ ನೋಡಿ ಅರ್ಥ ಮಾಡಿಕೊಂಡು ಕೈ ಮುಗಿದಳು. ನನಗೆ ಆ ಫ್ಯಾನು ನೆನಪಾಯಿತು.

ಅಂಚೆ ಕಚೇರಿಯ ಪಕ್ಕ ಫೋನ್ ರಿಪೇರಿ ಅಂಗಡಿ ಇದೆ. ನಡೆಸುವವಳು ಒಬ್ಬ ಹೆಂಗಸು, ಸದಾ ಹಣೆಯ ಮೇಲೆ ಭೂತಗನ್ನಡಿ ಕಟ್ಟಿಕೊಂಡಿರುತ್ತಾಳೆ. ಅವಳ ಹತ್ತಿರ ನಮ್ಮ ಕೈಗೆಟುಕುವ ಹಳೇ ಫೋನು ಎರಡಿದ್ದವು, ಒಂದು ಕರಿಯದು, ಒಂದು ನೀಲಿ. ಎರಡೂ ಐದು ವರ್ಷದವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಮರುದಿನ ಸಂಜೆ ಇವರು ಅವನ್ನು ನೋಡಿಕೊಂಡು ಬಂದರು. ಬಂದವರ ಮುಖದಲ್ಲಿ ಆ ಹಳೆಯ ಕಳೆ ಇತ್ತು. ಒಂದೇ ಫೋನು ಇದ್ದಿದ್ದರೆ ನಾವೆಲ್ಲ ಬದುಕಿಕೊಳ್ಳುತ್ತಿದ್ದೆವು.

"ಎರಡೂ ಒಂದಕ್ಕಿಂತ ಒಂದು ಕಣೆ. ಇದನ್ನ ಸರಿಯಾಗಿ ನೋಡ್ಬೇಕು."

ಆಗ ನಾನು ಅಡುಗೆಮನೆಯಲ್ಲಿದ್ದೆ. ತಂಗಿ ಬಂದು ನನ್ನ ತೋಳು ಮುಟ್ಟಿ ಒಂದು ಚೀಟಿ ಕೊಟ್ಟಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಅಂಗೈ ಎತ್ತಿ 'ತಾಳು' ಅಂತ ತೋರಿಸಿ, ಚೀಟಿಯನ್ನು ಮಡಚಿ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿಟ್ಟೆ. ಆಮೇಲೆ ಹಾಲು, ಪಾತ್ರೆ, ಊಟ ಅಂತ ಮರೆತೇಬಿಟ್ಟೆ. ಇವರು ಊಟಕ್ಕೆ ಕೂತವರು ಕೈಗೆ ಸಿಕ್ಕ ಆ ಕಾಗದವನ್ನೇ ಬಿಡಿಸಿ, ಸ್ಕೇಲು ತಂದು, ನಡುವೆ ಗೆರೆ ಎಳೆದು, ಎಡಕ್ಕೆ 'ಕರಿ' ಬಲಕ್ಕೆ 'ನೀಲಿ' ಅಂತ ಬರೆದು ಪಟ್ಟಿ ಶುರು ಮಾಡಿದರು. ತಂಗಿ ಎದುರು ಕೂತು ಆ ಕಾಗದವನ್ನೇ ನೋಡುತ್ತಿದ್ದಳು. ಭಾವನಿಗೆ ತನ್ನ ಮಾತು ತಲುಪಿತು ಅಂತ ಅವಳು ಅಂದುಕೊಂಡಿರಬೇಕು.

ಒಂದು ವಾರ ದಿನಾ ಸಂಜೆ ಅಂಗಡಿಗೆ ಹೋಗಿ ಸ್ಟೂಲು ಹಾಕಿಕೊಂಡು ಕೂತರು. ಅಷ್ಟಕ್ಕೂ ಸಮಾಧಾನವಾಗದೆ ಭಾನುವಾರ ತಮ್ಮ ಗುರುತಿನ ಕಾರ್ಡನ್ನು ಅಂಗಡಿಯಲ್ಲಿಟ್ಟು ಎರಡೂ ಫೋನನ್ನು ಮನೆಗೆ ತಂದರು. ಊಟದ ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ಅಡುಗೆಮನೆಯ ತಕ್ಕಡಿ ತಂದಿಟ್ಟರು. ಮೊದಲ ಪರೀಕ್ಷೆ ಏನು ಅಂತ ಹೇಳಬೇಕೆ? ಕವಚ ಹಾಕಿ ಒಂದು ತೂಕ, ಕವಚ ತೆಗೆದು ಒಂದು ತೂಕ. ಕವಚದ ತೂಕ ಎಷ್ಟು ಅಂತ ಕಳೆದು ಬರೆದುಕೊಂಡಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ನೋಡಬೇಕಿತ್ತು. ಆಮೇಲೆ ಗೋಡೆಯ ಗಡಿಯಾರ ಇಳಿಸಿ ಎದುರಿಗಿಟ್ಟುಕೊಂಡು ಚಾರ್ಜು ಹತ್ತುವುದನ್ನು ಅಳೆದರು. ಕಿಟಕಿಯ ಬಿಸಿಲಿನಲ್ಲಿ ಹಿಡಿದರು. ಹಿಂಬದಿಯ ಕ್ಯಾಮೆರಾದಲ್ಲಿ ಎದುರು ಮನೆಯ ನೀರಿನ ಟ್ಯಾಂಕಿನ ಫೋಟೋ ತೆಗೆದು, ಅದರ ಮೇಲೆ ಕೂತ ಕಾಗೆಯ ಕಣ್ಣು ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಅರ್ಧ ಗಂಟೆ ನೋಡಿದರು.

ತಂಗಿ ಹತ್ತಿರ ಬಂದು ನೀಲಿ ಫೋನಿಗೆ ಕೈ ಚಾಚಿದಳು. ಇವರು ಮೃದುವಾಗಿ ಅವಳ ಕೈ ಸರಿಸಿದರು.

"ಇರು ಪುಟ್ಟಿ. ಡ್ರೈವರ್ ಇಳಿದ ಮೇಲೇ ತೂಕ. ನಿಂಗೆ ಯಾವುದೋ ಬಣ್ಣ ಇಷ್ಟ ಆಗ್ಬಿಟ್ರೆ ಲೆಕ್ಕ ಹಾಳಾಗುತ್ತೆ."

ನನಗೆ ರೇಗಿತು. "ಅವಳ ಫೋನು, ಅವಳು ಮುಟ್ಟಬಾರ್ದಾ? ನೀಲೀನೇ ತಗೊಳ್ರೀ, ಪರದೆ ದೊಡ್ಡದಿದೆ, ನೋಡೋಕೂ ಲಕ್ಷಣವಾಗಿದೆ."

"ಲಕ್ಷಣ ಇಟ್ಕೊಂಡು ಏನು ಮಾಡ್ತೀಯ? ಸದ್ದು ಕೇಳಿಲ್ಲಿ."

ಎರಡರಲ್ಲೂ ಒಂದೇ ಗಂಟೆಯ ಸದ್ದು ಹಾಕಿ, ಮೊದಲು ಕರಿಯದನ್ನು, ಆಮೇಲೆ ನೀಲಿಯನ್ನು ಬಾರಿಸಿದರು. ಒಂದು ಸಲ ಹತ್ತಿರದಿಂದ, ಒಂದು ಸಲ ಅಡುಗೆಮನೆಯಿಂದ, ಒಂದು ಸಲ ಬಚ್ಚಲಮನೆಯ ಬಾಗಿಲು ಹಾಕಿಕೊಂಡು. ನಾನು ವಾದ ಬಿಟ್ಟು ಗಂಭೀರವಾಗಿ ಕಿವಿಗೊಟ್ಟು ಕೇಳಿದೆ.

"ಕರಿಯದೇ ಜೋರು" ಅಂದೆ, ನ್ಯಾಯವಾಗಿ.

"ಹೇಳಲಿಲ್ವಾ? ಬೀದಿ ಕೊನೇವರೆಗೂ ಕೇಳುತ್ತೆ. ಇದಕ್ಕೆ ಹತ್ತಕ್ಕೆ ಹತ್ತು."

ಹತ್ತಕ್ಕೆ ಹತ್ತು ಬರೆದೂ ಆಯಿತು. ಆಗ ತಲೆಯೆತ್ತಿದರೆ ತಂಗಿ ನೀರಿನ ಜಗ್ಗು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಒಂದು ಫೋನು ಅವರ ಕಿವಿಯಲ್ಲಿ, ಒಂದು ಫೋನು ನನ್ನ ಕಿವಿಯಲ್ಲಿ. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಚಿಕ್ಕ ಮಕ್ಕಳು ಮಣ್ಣಿನಲ್ಲಿ ಅಡುಗೆ ಮಾಡಿ ಬಡಿಸುವಾಗ ದೊಡ್ಡವರು ನೋಡುತ್ತಾರಲ್ಲ, ಹಾಗಿತ್ತು. ನಾನು ಫೋನನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟೆ. ಇವರು ಮಾತ್ರ ಆ ಹತ್ತನ್ನು ಹೊಡೆದುಹಾಕಲಿಲ್ಲ. "ಅವಳಿಗೆ ಕೇಳಿಸದಿದ್ರೆ ನಮಗಾದ್ರೂ ಕೇಳಿಸುತ್ತಲ್ಲ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ. ಸಂಜೆ ಎರಡೂ ಫೋನನ್ನು ಅಂಗಡಿಗೆ ವಾಪಸು ಕೊಟ್ಟು ಕಾರ್ಡು ಬಿಡಿಸಿಕೊಂಡು ಬಂದರು.

ಸೋಮವಾರ ತಂಗಿ ಒಂದು ಚೀಟಿ ಬರೆದು ಅವರ ಬುತ್ತಿ ಡಬ್ಬಿಗೆ ಅಂಟಿಸಿದಳು: 'ಗುರುವಾರ.' ಮಂಗಳವಾರದ ಚೀಟಿ: 'ನಾಡಿದ್ದು.' ಬುಧವಾರದ್ದು: 'ನಾಳೆ.' ಅಷ್ಟು ಹೊತ್ತಿಗೆ ಪಟ್ಟಿ ಇಪ್ಪತ್ತೇಳು ಸಾಲು ಬೆಳೆದು, ಕರಿಯದು ನೀಲಿಯನ್ನು ಅರ್ಧ ಅಂಕದಿಂದ ಸೋಲಿಸಿತ್ತು. ಆ ಅರ್ಧ ಅಂಕ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಗುರುವಾರವೂ ದಾಟಿಹೋಗುತ್ತಿತ್ತು.

"ನಾಳೆ ಹತ್ತಕ್ಕೆ ಅಂಗಡಿ ತೆಗೀತಾರೆ. ಹತ್ತೂವರೆಗೆ ಫೋನು ನಿನ್ನ ಕೈಲಿ" ಅಂತ ತಂಗಿಯ ಎದುರು ನಿಂತು ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದರು. ಅವಳು 'ಯಾವುದು?' ಅಂತ ಬರೆದಳು. ಇವರು ಕಣ್ಣು ಮಿಟುಕಿಸಿ "ಸರ್‌ಪ್ರೈಸ್" ಅಂದರು.

ಗುರುವಾರ ನಾನು ಅರ್ಧ ದಿನ ರಜೆ ಹಾಕಿದೆ. ತಂಗಿ ಒಂಬತ್ತಕ್ಕೇ ತಲೆ ಬಾಚಿ, ಕೈ ಚೆನ್ನಾಗಿ ಕಾಣಲಿ ಅಂತ ಕಡು ಬಣ್ಣದ ಅಂಗಿ ಹಾಕಿಕೊಂಡು, ಗೋಡೆಗೆ ಕುರ್ಚಿ ಹಾಕಿ ಕೂತಿದ್ದಳು. ಉಗುರಿನ ಅಂಟನ್ನೆಲ್ಲ ಕೆರೆದು ತೆಗೆದಿದ್ದಳು. ಹತ್ತು ಮೂವತ್ತೈದಕ್ಕೆ ಇವರು ಬಂದರು. ಡಬ್ಬಿಯಿಂದ ಕರಿ ಫೋನು ತೆಗೆದು, ದೊಡ್ಡ ಬಹುಮಾನ ಕೊಡುವವರ ಹಾಗೆ ಎರಡು ಕೈಯಲ್ಲಿ ಕೊಟ್ಟರು.

ಅದನ್ನು ನೋಡಿದ ಕೂಡಲೇ ತಂಗಿಯ ಮುಖ ಇಳಿಯಿತು. ಆದರೂ ತೆಗೆದುಕೊಂಡಳು. ಎದುರಿನ ಸ್ಟೂಲಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಅಂಚು ದುಂಡಗಿದ್ದ ಆ ಫೋನು ಮೆಲ್ಲಗೆ ಜಾರಿ ಅಂಗಾತ ಮಲಗಿತು. ಮತ್ತೆ ನಿಲ್ಲಿಸಿದಳು, ಮತ್ತೆ ಮಲಗಿತು. ಕೈಯಲ್ಲಿ ಹಿಡಿದು ವಿಡಿಯೋ ತೆರೆದಳು. ಪರದೆಯಲ್ಲಿ ಅವಳ ಮುಖ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಅಂಗಿಯ ತುದಿಯಿಂದ ಒರೆಸಿದಳು. ಹಬೆ ಗಾಜಿನ ಒಳಗೇ ಇತ್ತು.

"ಇದೇನ್ರೀ?" ಅಂದೆ.

"ಅದು ಎದುರಿನ ಕ್ಯಾಮೆರಾ. ಹಿಂದಿನದು ಚೆನ್ನಾಗಿದೆ" ಅಂದರು. "ಎದುರಿಂದು ಪಟ್ಟೀಲಿ ಇರಲಿಲ್ಲ."

ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಎರಡು ಕೈಯಲ್ಲಿ ಆಡುವ ಮಾತನ್ನು ಆಡುವುದು ಹೇಗೆ? ಇದು ನನಗೂ ಆ ಕ್ಷಣದಲ್ಲೇ ಹೊಳೆದದ್ದು. ತಂಗಿ ಗಡಿಯಾರ ನೋಡಿದಳು. ಹತ್ತು ನಲವತ್ತೆರಡು. ಫೋನನ್ನು ಭಾವನ ಕೈಗೆ ವಾಪಸು ಕೊಟ್ಟು, ಚಪ್ಪಲಿ ಮೆಟ್ಟಿ ಓಡಿದಳು.

ನಾವಿಬ್ಬರೂ ಹಿಂದೆ ಓಡಿದೆವು. "ಏ ನಿಂತ್ಕೊಳ್ಳೇ! ತಾಳೇ!" ಅಂತ ನಾನು ಮುನ್ನೂರು ನಂಬರು ಕೂಗುವ ಗಂಟಲಲ್ಲಿ ಕೂಗಿದೆ. ಬೀದಿಯವರೆಲ್ಲ ನಿಂತರು. ಯಾರನ್ನು ಕರೆಯುತ್ತಿದ್ದೆನೋ ಅವಳೊಬ್ಬಳು ನಿಲ್ಲಲಿಲ್ಲ. ಹುಟ್ಟು ಕಿವುಡಿಯ ಬೆನ್ನಿಗೆ ಅಷ್ಟು ದೂರ ಕೂಗಿಕೊಂಡು ಹೋದ ನನ್ನ ಬುದ್ಧಿಗೆ ಎಷ್ಟು ಅಂಕ ಕೊಡಬೇಕೋ.

ನಾವು ಏದುಸಿರು ಬಿಡುತ್ತಾ ತಲುಪಿದಾಗ ಹನ್ನೊಂದು ಹೊಡೆದಾಗಿತ್ತು, ಅಂಗಡಿಯವಳು ಕೌಂಟರಿನ ಮೇಲಿದ್ದ ಸಾಮಾನನ್ನೆಲ್ಲ ಪಕ್ಕಕ್ಕೆ ತಳ್ಳಿದ್ದಳು. ನೀಲಿ ಫೋನು ಸ್ಕ್ರೂ ಡಬ್ಬಿಗೆ ಒರಗಿ ನೆಟ್ಟಗೆ ನಿಂತಿತ್ತು. ತಂಗಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಪರದೆಯಲ್ಲಿ ಒಬ್ಬ ನರೆಗೂದಲಿನ ಹೆಂಗಸು, ಅವಳ ಪಕ್ಕದಲ್ಲಿ ಆ ಗೆಳತಿ. ತಂಗಿಯ ಕೈಗಳು ಆಗಲೇ ಹಾರಾಡುತ್ತಿದ್ದವು. ಅವಳು ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಪರದೆಯ ಹೆಂಗಸು ಏನೋ ಕೇಳಿದಳು, ಇವಳು ಏನೋ ಹೇಳಿದಳು, ಮೂವರೂ ನಕ್ಕರು. ನನ್ನ ತಂಗಿ ತಮಾಷೆ ಮಾಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇವರಿಗೆ ಅದೊಂದೂ ಬೇಕಿರಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಅಂಗಡಿಯವಳ ಮುಂದೆ ಹಿಡಿದರು. "ಅಲ್ಲಮ್ಮ, ಕರಿಯದಕ್ಕೆ ಅರ್ಧ ಅಂಕ ಜಾಸ್ತಿ ಇತ್ತು. ನೀನೇ ನೋಡು."

"ಸಾರ್, ಅದರ ಎದುರು ಕ್ಯಾಮೆರಾ ಮಂಜು ಮಂಜು ಅಂತ ಮೊದಲ ದಿನಾನೇ ಹೇಳಿದ್ದೆ. ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ ಅಂದ್ರಿ." ಅವಳು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಪಟ್ಟಿ ನೋಡಿದಳು. "ನೀವು ನೋಡೋಕೆ ಬಂದ ಮೊದಲ ದಿನ ಮಧ್ಯಾಹ್ನಾನೇ ಈ ಹುಡುಗಿ ಬಂದಿದ್ಲು. ಎರಡೂ ಫೋನು ಹೀಗೇ ನಿಲ್ಲಿಸಿ, ಹಿಂದೆ ಹೋಗಿ, ಕೈ ಆಡಿಸಿ ನೋಡಿದ್ಲು. ಐದು ನಿಮಿಷ ಸಾರ್. ನೀಲಿ ಅಂತ ತೋರಿಸಿದ್ಲು. ನಮ್ಮ ಭಾವ ಬಂದು ತಗೋತಾರೆ, ಅಲ್ಲೀವರೆಗೂ ಮಾರಬೇಡಿ ಅಂತ ಬರೆದುಕೊಟ್ಲು. ಅದಕ್ಕೇ ಒಳಗಿಟ್ಟಿದ್ದೆ. ಇವತ್ತು ನೀವು ಬಂದು ಕರಿಯದೇ ಬೇಕು ಅಂದಾಗ ಮನಸ್ಸು ಬದಲಾಯಿಸಿರಬೇಕು ಅಂದ್ಕೊಂಡೆ."

"ನಮಗೆ ಯಾಕೆ ಹೇಳಲಿಲ್ಲ ಅವಳು?" ಅಂತ ನಾನು ದಬಾಯಿಸಿದೆ.

ಅಂಗಡಿಯವಳು ಪಟ್ಟಿಯನ್ನು ತಿರುಗಿಸಿದಳು. ಹಿಂದುಗಡೆ ತಂಗಿಯ ದುಂಡು ಅಕ್ಷರಗಳಿದ್ದವು. ಅವಳು ಓದಿದಳು:

"'ಅಕ್ಕಾ, ಎರಡೂ ನೋಡಿದೆ. ನೀಲಿ ಸಾಕು. ನಿಲ್ಲಿಸಿದರೆ ನಿಲ್ಲುತ್ತದೆ. ಎರಡು ಕೈಯೂ ಕಾಣುತ್ತದೆ. ಕರಿಯದು ಬೇಡ. ಭಾವನಿಗೆ ಹೇಳು.'"

ಇವರು ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಆ ಕಡೆ ಈ ಕಡೆ ತಿರುಗಿಸಿದರು. "ಬರೆದಿತ್ತಾ ಹಿಂದೆ? ಖಾಲಿ ಕಾಗದ ಅಂದ್ಕೊಂಡೆ."

"ಹದಿಮೂರು ದಿನ ಲಾರಿ ತೂಗಿದ್ರಿ. ಓಡಿಸೋಳನ್ನ ಒಂದು ಮಾತು ಕೇಳಬಾರ್ದಿತ್ತಾ?" ಅಂದೆ.

"ನೀನು ಕೇಳಿದ್ಯಾ?" ಅಂದರು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಬಾಯಿ ಮುಚ್ಚಿಸಿದ್ದು ಅದೇ ಮೊದಲು. ಚೀಟಿ ಬರೆದಿದ್ದು ನನಗೆ. ಉಪ್ಪಿನ ಡಬ್ಬಿಯ ಕೆಳಗೆ ಇಟ್ಟವಳು ನಾನು.

ಅಷ್ಟರಲ್ಲಿ ಪರದೆಯ ಹೆಂಗಸು ನಮ್ಮ ಕಡೆ ಬೆರಳು ಮಾಡಿ ಏನೋ ಕೇಳಿದಳು. ತಂಗಿ ತಿರುಗಿ ನೋಡಿ ಪರಿಚಯ ಮಾಡಿಸಿದಳು. ಕೈಮಾತಿನವರು ಒಬ್ಬೊಬ್ಬರಿಗೂ ಒಂದೊಂದು ಸನ್ನೆಯ ಹೆಸರಿಡುತ್ತಾರಂತೆ. ಭಾವನನ್ನು ತೋರಿಸಿ ಎರಡು ಅಂಗೈಯನ್ನು ತಕ್ಕಡಿಯ ಹಾಗೆ ಮೇಲೆ ಕೆಳಗೆ ಆಡಿಸಿದಳು. ಆ ಊರಿನ ಗೆಳತಿ ಗೊತ್ತು ಗೊತ್ತು ಅನ್ನುವ ಹಾಗೆ ತಲೆಯಾಡಿಸಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ತಂಗಿ ನನ್ನನ್ನು ತೋರಿಸಿ, ಬೆರಳುಗಳನ್ನು ಕೊಕ್ಕಿನ ಹಾಗೆ ಮಾಡಿ ಬಾಯಿಯ ಪಕ್ಕದಲ್ಲಿ ಪಟಪಟ ಬಡಿದಳು. ಗೆಳತಿ ಇನ್ನೂ ಹೆಚ್ಚು ನಕ್ಕಳು. ಇವರಿಗಂತೂ ಕಣ್ಣಲ್ಲಿ ನೀರು ಬಂತು.

ತಂಗಿಗೆ ಕೆಲಸ ಸಿಕ್ಕಿತು. ನೀಲಿ ಫೋನನ್ನು ತನ್ನ ದುಡ್ಡಿನಲ್ಲೇ ಕೊಂಡು, ಮುಂದಿನ ಸೋಮವಾರ ಬಸ್ಸು ಹತ್ತಿದಳು. ಕರಿಯದು ನಮ್ಮ ಮನೆಯಲ್ಲೇ ಉಳಿಯಿತು. ಪಟ್ಟಿಯಲ್ಲಿ ಗೆದ್ದ ಫೋನನ್ನು ವಾಪಸು ಕೊಡಲು ತೂಕದಪ್ಪನವರಿಗೆ ಮನಸ್ಸು ಬರಲಿಲ್ಲ. ಎದುರು ಕ್ಯಾಮೆರಾ ಬದಲಾಯಿಸಬಹುದು ಅಂತ ಅಂಗಡಿಯವಳು ಹೇಳಿದ್ದಾಳೆ. ಅವಳ ಹತ್ತಿರ ಎರಡು ಥರದ ಕ್ಯಾಮೆರಾ ಇವೆಯಂತೆ. ಇವರು ನೋಡುತ್ತಿದ್ದಾರೆ.

ಭಾನುವಾರ ಬೆಳಿಗ್ಗೆ ತಂಗಿ ಕರೆ ಮಾಡುತ್ತಾಳೆ. ಫೋನು ನಿಲ್ಲುವುದಿಲ್ಲವಾದ್ದರಿಂದ ಇವರು ಎರಡು ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾರೆ, ನಾನು ಎದುರು ಕೂರುತ್ತೇನೆ. ಅವಳಿಗೆ ನಾನು ಮಂಜಿನಲ್ಲಿ ಕಂಡ ಹಾಗೆ ಕಾಣುತ್ತಿರಬೇಕು. ಮೊದಲ ಭಾನುವಾರ ನಾನು ಅವಳ ಮುಖ ಕಂಡದ್ದೇ ತಡ, ಊಟ ಹೇಗಿದೆ, ಕೋಣೆ ಹೇಗಿದೆ, ಯಾಕೆ ಇಷ್ಟು ಇಳಿದುಹೋಗಿದ್ದೀಯ ಅಂತ ಶುರು ಮಾಡಿದೆ. ಇಪ್ಪತ್ತೊಂಬತ್ತು ವರ್ಷದಿಂದ ಅವಳಿಗೆ ಕೇಳಿಸದ ಗಂಟಲಲ್ಲೇ.

ತಂಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗೈ ಎತ್ತಿ ಪರದೆಗೆ ಹಿಡಿದಳು.

ತಾಳು.

ಆ ಮಾತು ನನಗೆ ಬರುತ್ತಿತ್ತು. ದಿನಕ್ಕೆ ಹತ್ತು ಸಲ ಅವಳಿಗೆ ತೋರಿಸುತ್ತಿದ್ದೆ, ನನಗೆ ಯಾರೂ ತೋರಿಸಿರಲಿಲ್ಲ. ಬಾಯಿ ಮುಚ್ಚಿದೆ. ಅವಳು ಕೈಗಳನ್ನು ನಿಧಾನವಾಗಿ ಎದೆಯ ಹತ್ತಿರ ತಂದು ಮೊದಲಿನಿಂದ ಹೇಳಲು ಶುರು ಮಾಡಿದಳು. ಒಂದಕ್ಷರ ಅರ್ಥವಾಗದಿದ್ದರೂ, ಅವಳು ಮುಗಿಸುವವರೆಗೂ ನಾನು ಕಾದೆ.